ಕುದುರೆ ಬೇಡ, ಪಾಠ ಸಾಕು

ನನ್ನ ಅಕ್ಷರ ದುಂಡಗಿಲ್ಲ. ಬರೆಯುತ್ತ ಹೋದಂತೆ ಸಾಲು ಬಲಗಡೆಗೆ ಇಳಿದುಬಿಡುತ್ತದೆ. ಶಾಲೆಯನ್ನು ನಡುವೆಯೇ ಬಿಟ್ಟವಳಾದ್ದರಿಂದ ಒಳ್ಳೆಯ ಮಾತುಗಳೂ ನನ್ನಲ್ಲಿ ಹೆಚ್ಚಿಲ್ಲ. ಓದುವವರು ದಯವಿಟ್ಟು ಸಹಿಸಿಕೊಳ್ಳಬೇಕು. ಒಂದೊಂದು ವಾಕ್ಯವನ್ನೂ ಎರಡು ಸಲ ಓದಿ ನೋಡಿ, ನಿಜವೆನಿಸಿದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ನಮ್ಮತ್ತೆ ನೆಲದ ಮೇಲೆ ನಡೆಯುವಾಗಲೂ ಕುದುರೆಯ ಮೇಲೆ ಕೂತವಳಂತೆಯೇ ಕಾಣುತ್ತಾಳೆ. ಬೆನ್ನು ನೂಲು ಹಿಡಿದಂತೆ ನೇರ. ಮೊಣಕೈಗಳು ಪಕ್ಕೆಗೆ ಅಂಟಿರುತ್ತವೆ. ತರಕಾರಿ ಚೀಲವನ್ನು ಕೂಡ ಎರಡೂ ಕೈಯಲ್ಲಿ ಹೊಟ್ಟೆಯ ಮುಂದೆ ಲಗಾಮಿನಂತೆ ಹಿಡಿದು ಬರುತ್ತಾಳೆ. ಬಸ್ಸು ಗಕ್ಕನೆ ನಿಂತಾಗ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದರೂ ಅವಳು ಮಂಡಿಯನ್ನು ತುಸು ಸಡಿಲಿಸಿ, ಕಂಬಿಯನ್ನೂ ಮುಟ್ಟದೆ ಹಾಗೇ ನಿಂತಿರುತ್ತಾಳೆ. ಐವತ್ತು ದಾಟಿದ, ಮದುವೆಯಾಗದ, ಮೆಲುದನಿಯ ಹೆಂಗಸು. ಮೈಮೇಲೆ ಮೊಣಕೈಗೆ ಚರ್ಮದ ತೇಪೆ ಹಾಕಿದ ಕಂದು ಕೋಟು, ಅದರ ಜೇಬಿನಲ್ಲಿ ಸದಾ ಒಂದು ಕ್ಯಾರೆಟ್ಟಿನ ತುಂಡು. ಇಷ್ಟೆಲ್ಲ ಇದ್ದರೂ ಅವಳಲ್ಲಿ ಕುದುರೆಯಿಲ್ಲ, ಎಂದೂ ಇರಲಿಲ್ಲ. ಅವಳಿಗಿದ್ದದ್ದು ಭಾನುವಾರದ ಒಂದು ಗಂಟೆಯ ಸವಾರಿ ಪಾಠ.

ಅಪ್ಪ ಅವಳಿಗೆ ತಮ್ಮ. ಅವಳ ಮನೆಗೆ ಬಂದಾಗಲೆಲ್ಲ ಕೆಣಕದೆ ಹೋಗುತ್ತಿರಲಿಲ್ಲ.

"ಅಕ್ಕಾ, ನಾನು ಸೈಕಲ್ ಕಲಿತದ್ದು ಮೂರೇ ದಿನದಲ್ಲಿ. ನೀನು ಇನ್ನೂ ಕುದುರೆ ಕಲೀತಾನೇ ಇದೀಯ. ಮುಗಿಯೋದು ಯಾವಾಗ?"

"ಸೈಕಲ್ಲಿಗೆ ಮನಸ್ಸಿಲ್ಲ ಕಣೋ. ಅದಕ್ಕೇ ಬೇಗ ಬರುತ್ತೆ."

"ಅಷ್ಟು ಇಷ್ಟ ಇದ್ರೆ ಒಂದು ತಂದು ಹಿತ್ತಲಲ್ಲಿ ಕಟ್ಟು. ಜಾಗಕ್ಕೇನು ಬರವಾ?"

"ಕಟ್ಟಿದ್ರೆ, ಆಮೇಲೆ ನನಗೆ ಪಾಠ ಹೇಳೋರು ಯಾರು?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಅತ್ತೆ ನಗಲಿಲ್ಲ.

ಅವಳ ಕಸುಬು ಹಲ್ಲು ಕಟ್ಟುವುದು. ಹಲ್ಲಿನ ವೈದ್ಯರು ಯಾರದೋ ಒಸಡಿನ ಅಚ್ಚನ್ನು ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ; ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗಿನ ಮೇಜಿನಲ್ಲಿ ಕೂತು ಅತ್ತೆ ಮೇಣದ ಮೇಲೆ ಒಂದೊಂದೇ ಹಲ್ಲು ನಿಲ್ಲಿಸುತ್ತಾಳೆ. ಶಾಲೆ ಬಿಟ್ಟ ಮೇಲೆ ನನ್ನನ್ನು ಅವಳ ಜೊತೆಗೆಂದು ಕಳಿಸಿದಾಗಿನಿಂದ ಅಚ್ಚಿಗೆ ಸುರಿಯುವ ಪ್ಲಾಸ್ಟರ್ ಕಲಸುವ ಕೆಲಸ ನನ್ನದು. ಆ ಹಲ್ಲುಗಳಿಂದ ನಗುವವರನ್ನು ನಾವು ಎಂದೂ ಕಂಡಿಲ್ಲ. ಹಲ್ಲಿನ ಸೆಟ್ಟು ಬಾಯಿಗೆ ಸರಿಯಾಗಿ ಕೂತರೆ ಯಾರೂ ಏನೂ ಹೇಳಿ ಕಳಿಸುವುದಿಲ್ಲ. ಅತ್ತೆಯ ಸೆಟ್ಟುಗಳು ಯಾವಾಗಲೂ ಸರಿಯಾಗಿಯೇ ಕೂರುತ್ತಿದ್ದವು. ಹೀಗಾಗಿ ಸೋಮವಾರದಿಂದ ಶನಿವಾರದವರೆಗೆ ಆ ಕೋಣೆಗೆ ಹೊರಗಿನ ಮಾತೊಂದೂ ಬರುತ್ತಿರಲಿಲ್ಲ. ನಾನಂತೂ ಮಾತಿಗೆ ಹಿಂಜರಿಯುವವಳು. ಕುದುರೆ ಕಂಡರೆ ಕಾಲುನೋವು ಎನ್ನುತ್ತಾರೆ. ಅತ್ತೆಯಲ್ಲಿ ಅದು ತಿರುವುಮುರುವು. ವಾರವಿಡೀ ಕೂತು ಜೋಮು ಹಿಡಿದ ಕಾಲು ಕುದುರೆ ಕಂಡೊಡನೆ ನೆಟ್ಟಗಾಗುತ್ತಿತ್ತು.

ಸವಾರಿ ಮೇಷ್ಟ್ರು ಒಣಗಿದ ಕಡ್ಡಿಯಂಥ ಮುದುಕರು. ಅಂಗಳದ ನಡುವೆ ನಿಂತು, ಅತ್ತೆ ಸುತ್ತು ಬರುತ್ತಿದ್ದಂತೆ ತಾವೂ ನಿಂತಲ್ಲೇ, ಒಂದಿಷ್ಟು ಹಿಂದುಳಿದು, ತಿರುಗುತ್ತ ಕೂಗುತ್ತಿದ್ದರು.

"ಹಿಮ್ಮಡಿ ಕೆಳಗೆ! ಗದ್ದ ಮೇಲೆ! ಕುದುರೆ ಕಿವಿಯೊಳಗೆ ಏನು ನೋಡ್ತೀರಿ, ಅಲ್ಲಿ ಸಿನಿಮಾ ನಡೀತಿದೆಯಾ?"

ಅವಳ ಪಾಲಿಗೆ ಬರುತ್ತಿದ್ದದ್ದು ಬೂದು ಬಣ್ಣದ ಒಂದು ಹಳೆಯ ಕುದುರೆ. ಅಲ್ಲಿ ಕಲಿಯುವ ಮಕ್ಕಳು ಅದನ್ನು 'ಮಾವ' ಎಂದು ಕರೆಯುತ್ತಿದ್ದರು. ಅದು ತಿಳಿದ ದಿನ ಅಪ್ಪ, "ಅಂತೂ ನಮ್ಮಕ್ಕನಿಗೆ ಗಂಡು ಗೊತ್ತಾಯ್ತು" ಎಂದುಬಿಟ್ಟರು. ಅತ್ತೆ ಅವರಿಗೆ ಆ ಹೊತ್ತು ಸಕ್ಕರೆಯಿಲ್ಲದ ಕಾಫಿ ಕೊಟ್ಟಳು.

ಬೇಲಿಯ ಮೇಲೆ ಕೂತು ನೋಡುತ್ತ ನೋಡುತ್ತ ನನಗೊಂದು ಸಂಗತಿ ಹೊಳೆಯಿತು. ಅಂಗಳದ ಆಚೆ ಬದಿಯಲ್ಲಿ, ಮೇಷ್ಟ್ರ ಮುಖ ಇನ್ನೂ ತಿರುಗಿರದ ಕಡೆ, ಅತ್ತೆಯ ಸವಾರಿಯಲ್ಲಿ ಎಳ್ಳಷ್ಟೂ ತಪ್ಪಿರುತ್ತಿರಲಿಲ್ಲ. ಅವರ ಕಣ್ಣಿಗೆ ಬೀಳುವ ಹೊತ್ತಿಗೆ ಸರಿಯಾಗಿ ಹಿಮ್ಮಡಿ ಮೇಲೇಳುತ್ತಿತ್ತು, ಬೆನ್ನು ಸ್ವಲ್ಪ ಬಾಗುತ್ತಿತ್ತು. ಅವರು ಕೂಗುತ್ತಿದ್ದರು, ಇವಳು ತಿದ್ದಿಕೊಳ್ಳುತ್ತಿದ್ದಳು. ಮುಂದಿನ ಸುತ್ತಿನಲ್ಲಿ ಮತ್ತೆ ಅದೇ.

ಬೇಕೆಂದೇ ತಪ್ಪು ಮಾಡುವುದೇಕೆಂದು ಮನೆಗೆ ಬರುವ ದಾರಿಯಲ್ಲಿ ಧೈರ್ಯ ಮಾಡಿ ಕೇಳಿದೆ.

"ವಾರವೆಲ್ಲ ನನ್ನ ಬೆನ್ನು ಯಾರು ನೋಡ್ತಾರೆ ಪುಟ್ಟಿ? ಒಂದು ಗಂಟೆ ಹೊತ್ತು ಒಬ್ಬ ಮನುಷ್ಯ ಬೇರೆ ಯಾವ ಕಡೆಗೂ ನೋಡದೆ ನನ್ನನ್ನೇ ನೋಡಿ, ಇಲ್ಲಿ ಸರಿಯಿಲ್ಲ, ಅಲ್ಲಿ ಸರಿಯಿಲ್ಲ ಅಂತಾನೆ. ಅದು ಕಡಿಮೆಯಾ?"

ಆಮೇಲೆ, "ಯಾರಿಗೂ ಹೇಳಬೇಡ" ಎಂದಳು. ನಾನು ಯಾರಿಗೂ ಹೇಳಲಿಲ್ಲ. ಅದು ತಾನಾಗಿಯೇ ಬಯಲಾಯಿತು.

ಒಂದು ಭಾನುವಾರ ಮೇಷ್ಟ್ರ ಕಾಲು ಉಳುಕಿತ್ತು. ಅವರು ಅಂಗಳಕ್ಕೆ ಇಳಿಯದೆ ಲಾಯದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರಿನ್ನೂ ಬಂದಿಲ್ಲವೆಂದುಕೊಂಡ ಅತ್ತೆ ತಾನೇ ಕುದುರೆ ಹತ್ತಿ ಹೊರಟಳು. ನಡಿಗೆ, ಸಣ್ಣ ಓಟ, ದೊಡ್ಡ ಓಟ, ಮತ್ತೆ ನಡಿಗೆ. ಕುದುರೆ ಯಾವುದು ಹೆಂಗಸು ಯಾವುದು ಎಂದು ಬೇರೆ ಮಾಡಿ ಹೇಳಲಾಗದಂತೆ ಎರಡು ಜೀವಗಳು ಆ ಮಣ್ಣಿನ ಅಂಗಳವನ್ನು ಸುತ್ತಿದವು. ಅಷ್ಟು ಚೆಲುವಾದದ್ದನ್ನು ನಾನು ಕಂಡದ್ದು ಕಡಿಮೆ. ಮೇಷ್ಟ್ರು ನೋಡುತ್ತಿದ್ದಾರೆಂದು ಕೂಗಿ ಎಚ್ಚರಿಸಬೇಕೆಂದುಕೊಂಡೆ, ನೋಡುತ್ತ ನೋಡುತ್ತ ಮರೆತೆ. ಮೇಷ್ಟ್ರು ಕುಂಟುತ್ತ ಬಂದು ಕುದುರೆಯ ಲಗಾಮು ಹಿಡಿದರು.

"ಇಳೀರಿ ಅಮ್ಮ. ನನಗೆ ಗೊತ್ತಿರೋದೆಲ್ಲ ನಿಮಗೆ ಬಂದಾಯ್ತು. ಇನ್ನು ಪಾಠ ಹೇಳಿದ್ರೆ ಅದು ಮೋಸ."

"ಇನ್ನೂ ತಪ್ಪು ಮಾಡ್ತೀನಿ ಮೇಷ್ಟ್ರೇ."

"ಮಾಡಲ್ಲ. ಈಗ ನೋಡಿದೆನಲ್ಲ. ಇವನಿಗೂ ವಯಸ್ಸಾಯ್ತು, ಮಕ್ಕಳು ಬೇರೆ ಕುದುರೆ ಕೇಳ್ತಾರೆ. ನೀವೇ ಕರಕೊಂಡು ಹೋಗಿ. ಕಾಸೇನೂ ಬೇಡ."

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಹಲ್ಲಿನ ಕಸುಬಿನವಳಾದರೂ ಅತ್ತೆ ಎಣಿಸಲಿಲ್ಲ. ಕುದುರೆಯ ಕತ್ತಿನ ಮೇಲೆ ಕೈಯಿಟ್ಟು, ಜೇಬಿನ ಕ್ಯಾರೆಟ್ಟನ್ನು ಅದರ ಬಾಯಿಗಿಟ್ಟಳು.

"ಬೇಡ. ಇವನು ಒಳ್ಳೆಯವನೇ. ಆದ್ರೆ ಇವನು ನನಗೆ ಏನೂ ಹೇಳಲ್ಲ."

"ಕುದುರೆ ಮಾತಾಡುತ್ತಾ ಅಮ್ಮ?" ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ಕಲಿತು ಮುಗಿಸಿದವರಿಗೇ ಮತ್ತೆ ಕಲಿಸೋದು ಹೇಗೆ ಅಂತ ನನಗೆ ಗೊತ್ತಿಲ್ಲ."

ಅವರು ಪ್ರಾಮಾಣಿಕರು. ಬಯ್ದು ಮನಸ್ಸು ಹಗುರ ಮಾಡಿಕೊಳ್ಳೋಣವೆಂದರೆ ಅದಕ್ಕೂ ಎಡೆಯಿರಲಿಲ್ಲ.

ಆಮೇಲಿನ ಭಾನುವಾರಗಳು ವಾರದ ಉಳಿದ ದಿನಗಳಂತೆಯೇ ಆದವು. ಅತ್ತೆ ಕೋಟು ತೊಟ್ಟುಕೊಂಡೇ ಮೇಜಿಗೆ ಕೂರುತ್ತಿದ್ದಳು. ಒಂದು ಹಲ್ಲು ನಿಲ್ಲಿಸಿ, ಕಿತ್ತು, ಮತ್ತೆ ಅಲ್ಲೇ ನಿಲ್ಲಿಸುತ್ತಿದ್ದಳು. ಒಮ್ಮೆ ತಲೆಯೆತ್ತದೆ ಕೇಳಿದಳು:

"ಪುಟ್ಟಿ, ನನ್ನ ಬೆನ್ನು ಬಾಗಿದೆಯಾ?"

ನಾನು ಪ್ಲಾಸ್ಟರಿನ ಬಟ್ಟಲು ಕೆಳಗಿಟ್ಟು, ಹಿಂದೆ ಹೋಗಿ, ಸರಿಯಾಗಿ ನೋಡಿ, "ಇಲ್ಲ ಅತ್ತೆ, ನೇರವಾಗಿದೆ" ಎಂದೆ. ಅವಳ ಭುಜ ಇಳಿಯಿತು. ಅವಳಿಗೆ ಬೇಕಾಗಿದ್ದದ್ದು ಇನ್ನೊಂದು ಉತ್ತರವೆಂದು ತಿಳಿಯುವಷ್ಟರಲ್ಲಿ ಮಾತು ಬಾಯಿಂದ ಹೊರಟುಹೋಗಿತ್ತು.

ಊರಿನ ಇನ್ನೊಂದು ತುದಿಯಲ್ಲಿ ಹೊಸ ಸವಾರಿ ಶಾಲೆಯೊಂದಿದೆ. ಕಳೆದ ಭಾನುವಾರ ಅತ್ತೆ ಕೋಟನ್ನು ಗೂಟಕ್ಕೆ ತೂಗುಹಾಕಿ, ಏನೂ ಅರಿಯದವಳಂತೆ ಸಾದಾ ಉಡುಪಿನಲ್ಲಿ ಅಲ್ಲಿಗೆ ಹೊರಟಳು. ಅಲ್ಲಿ ಕಲಿಸುವವಳು ನನಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಗಂಟಲು ಮಾತ್ರ ಕಹಳೆ.

"ಯಾವತ್ತಾದ್ರೂ ಕುದುರೆ ಹತ್ತಿದೀರಾ ಆಂಟಿ?"

"ಇಲ್ಲಮ್ಮ. ದೂರದಿಂದ ನೋಡಿದೀನಿ."

ಅಷ್ಟು ಹೇಳಿದವಳು ಕುದುರೆಯ ಪಕ್ಕಕ್ಕೆ ಹೋದಳು, ಆದರೆ ಅವಳ ಕೈ ಅವಳ ಮಾತು ಕೇಳಲಿಲ್ಲ. ಜೀನಿನ ಕೆಳಗಿನ ಪಟ್ಟಿಯೊಳಗೆ ಬೆರಳು ತೂರಿಸಿ, ಸಡಿಲವಿದೆಯೆಂದು ಕಂಡು, ಎಳೆದು ಒಂದು ತೂತು ಮುಂದಕ್ಕೆ ಬಿಗಿದುಬಿಟ್ಟಿತು. ಹುಡುಗಿ ಸೊಂಟದ ಮೇಲೆ ಕೈಯಿಟ್ಟಳು.

"ನಿಜ ಹೇಳಿ ಆಂಟಿ. ಎಲ್ಲೋ ಕಲಿತಿದೀರಿ."

"ಸ್ವಲ್ಪ... ಹಿಂದೆ."

"ಹತ್ತಿ, ನೋಡೋಣ."

ಇಲ್ಲಿಯೂ ಬಾಗಿಲು ಮುಚ್ಚಿತೆಂದುಕೊಂಡೆ. ಅತ್ತೆ ಹತ್ತಿದಳು. ಸಿಕ್ಕಿಬಿದ್ದವಳಿಗೆ ಇನ್ನು ನಾಟಕವೇಕೆ ಎಂಬಂತೆ, ಒಂದೂ ತಪ್ಪು ಮಾಡದೆ, ಇಡೀ ಸುತ್ತು ಬಂದು ನಿಂತಳು.

"ಅಯ್ಯೋ! ಯಾರು ನಿಮಗೆ ಹೀಗೆ ಕಲಿಸಿದ್ದು?" ಹುಡುಗಿ ಕೂಗಿದಳು. "ಅಜ್ಜನ ಕಾಲದಲ್ಲಿ ಕೂರ್ತಿದ್ದ ರೀತಿ ಇದು. ಮರದ ಗೊಂಬೆ ಥರ ಬಿಗಿದುಕೊಂಡಿದೀರಿ. ಭುಜ ಬಿಡಿ, ಸೊಂಟ ಬಿಡಿ! ಎಲ್ಲ ಮೊದಲಿಂದ ಆಗಬೇಕು. ಒಂದು ವರ್ಷವಾದ್ರೂ ಹಿಡಿಯುತ್ತೆ."

"ವರ್ಷಾನಾ?" ಅತ್ತೆಯ ದನಿ ನಡುಗಿತು.

"ಜಾಸ್ತೀನೇ ಆಗಬಹುದು. ಬೇಜಾರಾ?"

"ಇಲ್ಲ ತಾಯಿ," ಎಂದಳು ಅತ್ತೆ. "ಶುರು ಮಾಡಿ."

ಹಾಡು ಬಂದರೂ ಹಾಡಿನ ತರಗತಿ ಬಿಡದವರು, ದಾರಿ ಗೊತ್ತಿದ್ದೂ ದಾರಿ ಕೇಳುವವರು, ಲೋಕದಲ್ಲಿ ಇಂಥವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇರಬೇಕು. ಕಲಿತದ್ದು ಸಾಲದೆಂಬ ಆಸೆ ಅವರದಲ್ಲ. ತಮ್ಮದೆನ್ನುವ ವಸ್ತುವೊಂದು ಹಿತ್ತಲಲ್ಲಿ ನಿಂತಿದ್ದರೆ ಕೆಲವರ ಒಂಟಿತನ ಕಳೆಯುತ್ತದೆ; ಇವರಿಗೆ ಮಾತ್ರ 'ಹಾಗಲ್ಲ, ಹೀಗೆ' ಎಂದು ಹೇಳುವ ಇನ್ನೊಬ್ಬರ ದನಿಯೇ ಬೇಕು. ಯಾರೂ ತಿದ್ದದ ಮನುಷ್ಯ ಯಾರ ಕಣ್ಣಿಗೂ ಬೀಳದ ಮನುಷ್ಯನೂ ಆಗಿರುತ್ತಾನೆಂದು ಇವರಿಗೆ ಹೇಗೋ ತಿಳಿದುಬಿಟ್ಟಿರುತ್ತದೆ.

ನಾಳೆ ಭಾನುವಾರ. ನಾನೂ ಜೊತೆಗೆ ಹೋಗುತ್ತೇನೆ. ಅಲ್ಲಿ ಯಾರಾದರೂ ಕೇಳಿದರೆ, ನಮ್ಮತ್ತೆ ಈಗಷ್ಟೇ ಕಲಿಯಲು ಸೇರಿದ್ದಾಳೆ ಎಂದು ಹೇಳುತ್ತೇನೆ.