ಚೀರಲೊಪ್ಪದ ಚೀರಕ್ಕ

ಆಕೆಯ ಕೋಟಿಗೆ ಒಂದೂ ಗುಂಡಿಯಿರಲಿಲ್ಲ. ಮೊಣಕಾಲು ಮುಟ್ಟುತ್ತಿದ್ದ ಆ ಗಂಡಸರ ಕೋಟು ತೀರಿಹೋದ ಪತಿಯದು. ಧ್ವನಿಮುದ್ರಣದ ಕೋಣೆಯ ಕೊರೆಯುವ ತಂಪಿಗೆಂದು ಅದನ್ನು ತೊಡುತ್ತಿದ್ದ ಆಕೆ, ಗುಂಡಿಗಳು ತಾಗಿದ ಸದ್ದು ಮೈಕಿಗೆ ಕೇಳಿಸುತ್ತದೆಂದು ಅವನ್ನೆಲ್ಲ ಕಿತ್ತು ಬಟ್ಟೆಯ ಲಾಡಿ ಹೊಲಿದುಕೊಂಡಿದ್ದಳು. ಚಪ್ಪಲಿ ಬಿಟ್ಟು ಆ ಕೋಣೆಯ ಜಮಖಾನದ ಮೇಲೆ ವರ್ಷಗಟ್ಟಲೆ ನಡೆದು ಆಕೆಯ ನಡಿಗೆಗೆ ಸಪ್ಪಳವೆಂಬುದೇ ಉಳಿದಿರಲಿಲ್ಲ. ಬೀದಿಯಲ್ಲಿ ಹಿಂದಿನಿಂದ ಬಂದು ನಿಂತಳೆಂದರೆ ತರಕಾರಿಯವನು ತಕ್ಕಡಿ ಕೈಬಿಡುವಷ್ಟು ಬೆಚ್ಚುತ್ತಿದ್ದ. ಮಾತು ಪಿಸುಮಾತಿಗಿಂತ ಕೂದಲೆಳೆಯಷ್ಟು ಮೇಲೆ. ಅದಕ್ಕೂ "ಅದಿರಲಿ" ಎಂಬ ಪೀಠಿಕೆ ಬೇಕೇಬೇಕು, ಮೊದಲು ಏನನ್ನೂ ಹೇಳದಿದ್ದಾಗಲೂ. ಇಂಥ ಹೆಂಗಸಿಗೆ ಸ್ಟುಡಿಯೋದವರು ಇಟ್ಟ ಹೆಸರು ಚೀರಕ್ಕ. ಸಿನಿಮಾದಲ್ಲಿ ಸಾಯುವ ಹೆಂಗಸರ ಪರವಾಗಿ ಚೀರುವುದು ಆಕೆಯ ವೃತ್ತಿಯಾಗಿತ್ತು.

ಮಹಡಿಯಿಂದ ಬಿದ್ದವರು, ಹೊಳೆ ಪಾಲಾದವರು, ದೆವ್ವವನ್ನು ಕಂಡವರು, ಎಲ್ಲರ ಅಂತ್ಯಕಾಲದ ಆರ್ತನಾದವೂ ಹೊರಟದ್ದು ಆ ಒಂದೇ ಕಂಠದಿಂದ. ಆದರೆ ಆಕೆಗೊಂದು ಹಠವಿತ್ತು. ಮೈಕಿನ ಮುಂದೆ ನಿಂತು, "ಅದಿರಲಿ, ಇವಳು ಬೆಳಿಗ್ಗೆ ಏನ್ ಮಾಡ್ತಿದ್ಲು?" ಎಂದು ಕೇಳಬೇಕು. ಅದನ್ನು ಯೋಚಿಸಿರದ ನಿರ್ದೇಶಕರು ತಲೆ ಕೆರೆದುಕೊಂಡು, "ಬಟ್ಟೆ ಒಗೀತಿದ್ಲು ಅಂತ ಇಟ್ಕೊಳ್ಳಿ" ಎನ್ನುತ್ತಿದ್ದರು. ಅಷ್ಟಾದ ಮೇಲೆ ಆಕೆ ಕಣ್ಣು ಮುಚ್ಚಿ ಬಾಯಿ ತೆರೆದರೆ ಗಾಜಿನಾಚೆ ಕೂತವರ ಮೈ ಜುಮ್ಮೆನ್ನುತ್ತಿತ್ತು. ಆ ಚೀರುಗಳನ್ನೆಲ್ಲ ಸ್ಟುಡಿಯೋದವರು ಜೋಪಾನವಾಗಿ ತೆಗೆದಿಡುತ್ತಿದ್ದರು. ಒಮ್ಮೆ ಚೀರಿದ್ದನ್ನು ಇನ್ನೊಂದು ಸಿನಿಮಾಕ್ಕೆ ಬಳಸುವುದು ಆ ಕಸುಬಿನಲ್ಲಿ ತಪ್ಪೆನಿಸಿರಲಿಲ್ಲ.

ಜಗಳ ಹುಟ್ಟಿದ್ದು ಕಾಡಿನ ಸಿನಿಮಾದಿಂದ. ಪ್ರವಾಸ ಹೊರಟ ಒಂದು ತಂಡ, ಕುಸಿದ ಸೇತುವೆ, ಹಿಂದಿರುಗುವ ದಾರಿಯಿಲ್ಲದ ಅರಣ್ಯ, ಕಣ್ಣಿಗೆ ಬೀಳದೆ ಒಬ್ಬೊಬ್ಬರನ್ನೇ ಎಳೆದೊಯ್ಯುವ ಏನೋ ಒಂದು. ಆ ತಂಡದಲ್ಲಿ ಕಾಲು ಮುರಿದುಕೊಂಡ ಒಬ್ಬ ಮುದುಕಿ. ಹೊತ್ತು ನಡೆದು ಬೇಸತ್ತ ಜೊತೆಗಾರರು ಅವಳನ್ನು ಮರದ ಬುಡದಲ್ಲಿ ಕೂರಿಸಿ, ನೀರು ತರುತ್ತೇವೆಂದು ಸುಳ್ಳು ಹೇಳಿ ಓಡಿಹೋಗುತ್ತಾರೆ. ಪೊದೆ ಅಲುಗುತ್ತದೆ. ಮುದುಕಿ ಮರ ಹಿಡಿದು ಒಂಟಿ ಕಾಲಿನ ಮೇಲೆ ಎದ್ದು, ಉರಿಯುವ ಕೊಳ್ಳಿಯನ್ನೆತ್ತಿ ನಿಲ್ಲುತ್ತಾಳೆ. ಕ್ಯಾಮೆರಾ ಇರುವುದು ಅವಳ ಬೆನ್ನ ಹಿಂದೆ, ಬಾಯಿ ಕಾಣಿಸದು. ಇಲ್ಲಿ ದೀರ್ಘವಾದ, ಅಂಗಲಾಚುವ ಚೀರೊಂದು ಬೇಕಿತ್ತು.

ಚೀರಕ್ಕ ಆ ದೃಶ್ಯವನ್ನು ನೋಡಿದಳು. ಅಂದು ಬೆಳಗಿನ ಪ್ರಶ್ನೆಯನ್ನು ಕೇಳಲಿಲ್ಲ. ಕೋಟಿನ ಲಾಡಿ ಬಿಗಿದು, ಎದೆಯ ಆಳದಿಂದ, "ಬಾರೋ. ಬಾ," ಎಂದಳು.

ನಿರ್ದೇಶಕ ಗಾಜಿನ ಕೋಣೆಯಿಂದ ಎದ್ದು ಬಂದ. "ಅಮ್ಮಾ, ಜನ ಹೆದರ್ಬೇಕು. ಇದು ಹೆದರ್ಸೋ ಸಿನಿಮಾ."

"ಅದಿರಲಿ, ಜನ ಹೆದರ್ಲಿ. ಇವಳು ಹೆದರಲ್ಲ. ಚೀರೋದಿದ್ರೆ ಬಿಟ್ಟು ಓಡಿದ್ರಲ್ಲ, ಅವರ ಕೈಲಿ ಚೀರ್ಸಿ."

"ನೀವು ಚೀರ್ದೇ ಇದ್ರೆ ನಿಮ್ಮದೇ ಹಳೇದೊಂದು ಹಾಕ್ತೀನಿ. ಆಮೇಲೆ ಯಾರೂ ನಿಮ್ಮನ್ನ ಕರಿಯಲ್ಲ."

"ಹಾಕ್ಕೊಳ್ಳಿ," ಎಂದು ಆಕೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಇಷ್ಟು ಹಠ ಎಲ್ಲಿಂದ ಬಂತೆಂದು ತಿಳಿಯಲು ಆ ಕೋಟಿನೊಳಗೆ ಇಣುಕಬೇಕು. ಪತಿ ಹಾಸಿಗೆ ಹಿಡಿದಾಗ ಮನೆ ತುಂಬ ಇದ್ದ ಬಂಧುಗಳು ಒಬ್ಬೊಬ್ಬರಾಗಿ, ಈಗ ಬಂದೆವೆಂದು ಹೇಳಿ ಕಾಲ್ತೆಗೆದಿದ್ದರು. ಆಕೆ ಪುಟ್ಟ ಮಗನನ್ನು ಕಟ್ಟಿಕೊಂಡು, ಪತಿಯ ಮಗ್ಗುಲು ಬದಲಿಸುತ್ತ, ಬಾಯಿಗೆ ಗಂಜಿ ಹಾಕುತ್ತ ಕೊನೆಯವರೆಗೂ ಕಣ್ಣೀರಿಲ್ಲದೆ ನಿಂತಳು. ಮಣ್ಣಾದ ಮೇಲೆ ಬಂದ ಅದೇ ಬಂಧುಗಳು, "ಪಾಪ, ಹಗಲೂ ರಾತ್ರಿ ಅತ್ತಳಂತೆ," ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಬಿಟ್ಟುಹೋದದ್ದನ್ನು ಆಕೆ ಕ್ಷಮಿಸಿದ್ದಳು, ಅತ್ತಳೆಂದದ್ದನ್ನು ಕ್ಷಮಿಸಿರಲಿಲ್ಲ.

ನಿರ್ದೇಶಕ ಮಾತಿಗೆ ತಪ್ಪಲಿಲ್ಲ. ಸ್ಟುಡಿಯೋದ ಕರೆಗಳು ನಿಂತವು. ಸೊಸೆ, "ಅತ್ತೆ, ಒಂದ್ಸಲ ಚೀರಿಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಆದರೂ ಸಿನಿಮಾ ಬಿಡುಗಡೆಯಾದಾಗ ಅತ್ತೆಯ ಜೊತೆ ಮಧ್ಯಾಹ್ನದ ಆಟಕ್ಕೆ ಹೋದವಳು ಅವಳೇ.

ಪರದೆಯ ಮೇಲೆ ಮುದುಕಿ ಕೊಳ್ಳಿಯೆತ್ತಿ ನಿಂತಳು. ಮರುಕ್ಷಣವೇ ಚಿತ್ರಮಂದಿರದ ಗೋಡೆಗಳಿಂದ ಒಂದು ಎಳೆಯ ಚೀರು ಹೊರಟು, ಬೇಡಿ ಬೇಡಿ ಮುರಿಯತೊಡಗಿತು. ಚೀರಕ್ಕನಿಗೆ ಗುರುತು ಹತ್ತಿತು: ಮದುವೆಯಾದ ಹೊಸತರಲ್ಲಿ, ಬಾವಿಗೆ ಬೀಳುವ ಹುಡುಗಿಯೊಬ್ಬಳಿಗಾಗಿ ತಾನೇ ಚೀರಿದ್ದು. ಆಕೆ ಎದ್ದು ನಿಂತಳು. ಬೀದಿಯಲ್ಲಿ ಪಕ್ಕದವರಿಗೂ ಕೇಳಿಸದಂತೆ ಮಾತಾಡುತ್ತಿದ್ದ ಆ ಹೆಂಗಸು, ಮೈಕಿನ ಹಂಗಿಲ್ಲದೆ, ತನ್ನದೇ ಯೌವನದ ಆರ್ತನಾದವನ್ನು ಅಡಗಿಸುವಂತೆ, "ಬಾರೋ. ಬಾ," ಎಂದು ಕೂಗಿದಳು. ಮುಂದಿನ ಸಾಲಿನಲ್ಲಿ ಯಾರೋ ನಿಜವಾಗಿ ಚೀರಿಕೊಂಡರು.

ಟಾರ್ಚು ಹಿಡಿದವನು ಓಡಿ ಬಂದು, "ಕೂತ್ಕೊಳ್ಳಿ ಅಮ್ಮ, ಹಿಂದಿನವರಿಗೆ ಕಾಣ್ಸಲ್ಲ," ಎಂದ.

"ಅದಿರಲಿ, ಅವಳು ನಿಂತಿದಾಳಲ್ಲ. ಅವಳು ಬೀಳೋವರೆಗೂ ನಾನು ಕೂರಲ್ಲ."

ಅವನು ತೋಳು ಹಿಡಿಯಲು ಕೈ ಚಾಚಿದ. ಆಗ ಸೊಸೆ ಎದ್ದು ಇಬ್ಬರ ನಡುವೆ ನಿಂತು, "ಮುಟ್ಬೇಡಪ್ಪ. ನಾನೂ ಕೂರಲ್ಲ," ಎಂದಳು.

ಇಂಥವರು ಗೆದ್ದರೆಂದು ಹೇಳಲಾಗದು. ಆ ಚೀರು ಇಂದಿಗೂ ಆ ಸಿನಿಮಾದಲ್ಲಿದೆ, ಕೊಳ್ಳಿ ಪ್ರತಿ ಆಟದಲ್ಲೂ ಆರುತ್ತದೆ, ಪೊದೆಯಲ್ಲಿದ್ದದ್ದು ಬಂದೇ ಬರುತ್ತದೆ. ಆದರೆ ಕಾಡಿನಿಂದ ಪಾರಾಗಿ ಬರುವವರು ಸಾಮಾನ್ಯವಾಗಿ ಬಿಟ್ಟು ಓಡಿದವರು. ತಾವು ಬಿಟ್ಟುಬಂದವರ ಕಥೆಯನ್ನು ಹೇಳುವ ಅಧಿಕಾರವೂ ಅವರ ಪಾಲಿಗೇ ಬರುತ್ತದೆ. ಅವರು ಹೇಳುವ ಕಥೆಯಲ್ಲಿ ಹಿಂದುಳಿದವರು ಯಾವಾಗಲೂ ಅತ್ತಿರುತ್ತಾರೆ. ಆಗ ತುಂಬಿದ ಸಭೆಯ ಕತ್ತಲಲ್ಲಿ ಎದ್ದು, ಇಲ್ಲ, ಅವಳು ಅಳಲಿಲ್ಲ ಎನ್ನುವ ಮನುಷ್ಯರು ಕೆಲವರಿರುತ್ತಾರೆ. ಅವರಿಂದ ಹಿಂದಿನ ಸಾಲಿನವರಿಗೆ ಸಿನಿಮಾ ಕಾಣಿಸುವುದಿಲ್ಲ, ನಿಜ. ಕಾಣಿಸದಿದ್ದರೆ ಬೇಡ.