ರಜೆಯಲ್ಲಿದ್ದ ಕೇಬಲ್

ತೊಕ್ಕೊಟ್ಟಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಿಯಾಝ್‌ಗೆ ಯಂತ್ರದೊಳಗೆ ಹಳೆಯದು ಉಳಿದುಕೊಂಡಿದೆ ಎಂದರೆ ಮೈಯೆಲ್ಲ ಉರಿ. ಪ್ರಿಂಟರು ಗುಜರಿ ಸೇರಿ ವರ್ಷಗಳಾಗಿರುತ್ತವೆ, ಅದನ್ನು ನಡೆಸುವ ಸಾಫ್ಟ್‌ವೇರು, ಅಂದರೆ ಡ್ರೈವರು, ಮಾತ್ರ ಒಳಗೆ ಠಿಕಾಣಿ ಹೂಡಿ ಹೊಸ ಪ್ರಿಂಟರಿಗೆ ದಾರಿ ಬಿಡುವುದಿಲ್ಲ. ಇದಕ್ಕೆ ಏನು ಹೇಳೋಣ! ಅವನು ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯನ್ನು ತೆರೆದು, ಅಡಗಿರುವುದನ್ನೆಲ್ಲ ತೋರಿಸು ಎನ್ನುತ್ತಾನೆ. ಆಗ ಸದ್ಯ ಜೋಡಿಸಿಲ್ಲದ ಸಾಧನಗಳ ಹೆಸರುಗಳು ಬೂದು ಬಣ್ಣದಲ್ಲಿ ಕಾಣಿಸಿಕೊಳ್ಳುತ್ತವೆ. ಬೂದು ಕಂಡರೆ ಸಾಕು, ಡ್ರೈವರ್ ಸಮೇತ ಕಿತ್ತು ಹಾಕುತ್ತಾನೆ.

ಅವನ ಕೈಗೆ ಸಿಗದೆ ಉಳಿದದ್ದು ಒಂದೇ, ಅಂಗಡಿಯ ಮೂಲೆಯಲ್ಲಿರುವ ಅಪ್ಪ ಮೊಯ್ದೀನಬ್ಬರ ಕಂಪ್ಯೂಟರು. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವರು ಅದರ ಮುಂದೆ ಕೂತು ಇಸ್ಪೀಟು ಆಡುತ್ತಿರುತ್ತಾರೆ. ಆ ಮೇಜು ಎತ್ತಿಸಿ ಅಲ್ಲಿ ದೊಡ್ಡ ಝೆರಾಕ್ಸ್ ಮೆಷಿನ್ ಇಡಬೇಕೆಂದು ನಿಯಾಝ್ ಆರ್ಡರನ್ನೂ ಕೊಟ್ಟಿದ್ದ. ಅಪ್ಪನಿಗೆ ಹೇಳಿರಲಿಲ್ಲ.

"ಬಾಪಾ, ಅದನ್ನೊಮ್ಮೆ ಕ್ಲೀನ್ ಆದ್ರೂ ಮಾಡ್ತೇನೆ."

"ನಿನಗೆ ಅದು ಎಂತ ಉಪದ್ರ ಕೊಟ್ಟಿದೆ? ಕೈ ಹಚ್ಚಬೇಡ."

ಜೂನಿನಲ್ಲಿ, ಬೋಟುಗಳಿಗೆ ಮಳೆಗಾಲದ ರಜೆ ಬಿದ್ದ ಮೇಲೆ, ಸೌಜನ್ಯ ಲ್ಯಾಪ್‌ಟಾಪ್ ತಂದಳು. ಅವಳ ಮಾವ ಯಾದವಣ್ಣ ಮೀನು ಹಿಡಿಯುವ ಟ್ರಾಲ್ ಬೋಟು ನಡೆಸುವ ತಾಂಡೇಲರು. ಕಣ್ಣು ಮಂಜಾದ್ದರಿಂದ ಈ ಸಲ ಚುಕ್ಕಾಣಿಯನ್ನು ಮಗ ಯತಿನ್‌ಗೆ, ಅಂದರೆ ಸೌಜನ್ಯಳ ಗಂಡನಿಗೆ, ಒಪ್ಪಿಸುವವರಿದ್ದರು. ಮನೆಯ ಹೊಸ ಪ್ರಿಂಟರು ಕೆಲಸ ಮಾಡುತ್ತಿರಲಿಲ್ಲ.

"ಹಳೆಯದೆಲ್ಲ ತೆಗೆಯುವುದಾ?" ಎಂದು ನಿಯಾಝ್ ಕೇಳಿದ.

"ಪೂರಾ ತೆಗೀರಿ."

ತೆಗೆದ. ಪ್ರಿಂಟರು ಸಲೀಸಾಗಿ ಓಡಿತು.

ಜುಲೈ ಕೊನೆಯ ಮಧ್ಯಾಹ್ನ ಸೌಜನ್ಯ ಮತ್ತೆ ಬಂದಳು, ಏದುಸಿರು ಬಿಡುತ್ತಾ. ಕಂಕುಳಲ್ಲಿ ಲ್ಯಾಪ್‌ಟಾಪ್, ಚೀಲದಲ್ಲಿ ಬೋಟಿನ ಹಳೇ ಜಿಪಿಎಸ್, ಅದರದೊಂದು ಕೇಬಲ್. ರಜೆಯಲ್ಲಿ ಜಿಪಿಎಸ್ಸನ್ನು ಬಿಚ್ಚಿ ಮನೆಯಲ್ಲಿಡುತ್ತಾರೆ. ಒಳಗಿನ ಬ್ಯಾಟರಿ ಸತ್ತಿರುವುದರಿಂದ ಅದು ಎಲ್ಲವನ್ನೂ ಮರೆತುಬಿಡುತ್ತದೆ. ಯಾದವಣ್ಣ ಜೀವಮಾನವಿಡೀ ಗುರುತು ಹಾಕಿದ ಜಾಗಗಳು, ಬಲೆ ಸಿಕ್ಕಿಬೀಳುವ ಬಂಡೆಗಳು, ಮುಳುಗಿದ ಹಡಗು, ಎಲ್ಲವೂ ಲ್ಯಾಪ್‌ಟಾಪಿನಲ್ಲಿವೆ. ಕಡಲಿಗೆ ಇಳಿಯುವ ಮುಂಚೆ ಪ್ರತಿವರ್ಷ ಆ ಕೇಬಲ್ ಸಿಕ್ಕಿಸಿ ಅವನ್ನು ಜಿಪಿಎಸ್ಸಿಗೆ ತುಂಬಿಸಬೇಕು. ಇವತ್ತು ಸಿಕ್ಕಿಸಿದರೆ ಲ್ಯಾಪ್‌ಟಾಪು ತಾನಾಗಿ ಹೊಸ ಡ್ರೈವರ್ ಹಾಕಿಕೊಂಡು, ಈ ಹಳೇ ಕೇಬಲ್ ನನಗಾಗದು ಎನ್ನುತ್ತಿತ್ತು.

"ನಾಳೆ ಬೆಳಿಗ್ಗೆ ಇವರು ಮೊದಲ ಸಲ ತಾಂಡೇಲರಾಗಿ ಹೋಗುವುದು. ಬಂಡೆಗೆ ಬಲೆ ಸಿಕ್ಕಿದ್ರೆ ಬೋಟೇ ಮಗುಚ್ತದೆ ಅಂತಾರೆ ಮಾವ. ಕೇಬಲ್ ಹಾಳಾಯ್ತಾ ನಿಯಾಝಣ್ಣ?"

ಹೌದು, ಹಾಳಾಗಿದೆ ಎಂದುಬಿಟ್ಟರೆ ಪಾರಾಗಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು, ಪುಣ್ಯಾತ್ಮನಿಗೆ! ಬೂದು ಎಂದರೆ ಸತ್ತದ್ದು ಎಂದು ಆ ಕೇಬಲ್ಲಿನದನ್ನೂ ಅವನು ಕಿತ್ತಿದ್ದ. ಸತ್ತಿರಲಿಲ್ಲ, ಬೋಟಿನ ಜೊತೆ ಅದೂ ರಜೆಯಲ್ಲಿತ್ತು.

"ಕೇಬಲ್ ಸರಿ ಉಂಟು. ಅದರ ಡ್ರೈವರ್ ನಾನೇ ತೆಗೆದದ್ದು, ಜೂನಿನಲ್ಲಿ. ತಪ್ಪು ನಂದು."

"ಎಂತ ಹೇಳ್ತೀರಿ ಮಾರಾಯ್ರೆ! ಹಾಳಾದ್ದು ತೆಗೀಲಿಕ್ಕೆ ಹೇಳಿದ್ದು ನಾನು, ನಮಗೆ ಬೇಕಾದ್ದನ್ನಾ?" ಅವಳ ಕಣ್ಣು ತುಂಬಿತು.

ನೆಟ್ಟಿನಲ್ಲಿ ಹುಡುಕಿದ. ಸಿಕ್ಕಿದ್ದೆಲ್ಲ ಹೊಸ ಡ್ರೈವರೇ. ಅಷ್ಟರಲ್ಲಿ ಮೊಯ್ದೀನಬ್ಬ ಎದ್ದು ಬಂದು ಕೇಬಲನ್ನು ತಿರುಗಿಸಿ ನೋಡಿದರು.

"ಇದು ಯಾದವನಿಗೆ ನಾನೇ ಮಾಡಿ ಕೊಟ್ಟದ್ದಲ್ವಾ? ಆ ಮೇಜಿನಲ್ಲೇ ಕೂತು, ಆ ಕಂಪ್ಯೂಟರಿಗೇ ಸಿಕ್ಕಿಸಿ ಟೆಸ್ಟ್ ಮಾಡಿದ್ದು."

ನಿಯಾಝ್ ಮೂಲೆಯ ಕಂಪ್ಯೂಟರನ್ನೂ ಅಪ್ಪನನ್ನೂ ನೋಡಿದ. "ಬಾಪಾ, ಕೈ ಹಚ್ಚಬಹುದಾ?"

"ನೋಡು. ಎಂತದೂ ತೆಗೀಬೇಡ."

ಪರದೆಯ ತುಂಬ ಬೂದು ಹೆಸರುಗಳು ಇಳಿದವು. ಅವುಗಳ ನಡುವೆ ಆ ಕೇಬಲ್ಲಿನದೂ ಇತ್ತು. ಹಳೇ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಲ್ಯಾಪ್‌ಟಾಪು ಮತ್ತೆ ಹೊಸದನ್ನು ಎಳೆದುಕೊಳ್ಳದಂತೆ ಅದರ ನೆಟ್ ಕಡಿದು, ಕೈಯಾರೆ ಕೂರಿಸಿದ. ಜಿಪಿಎಸ್ಸಿನ ಪುಟ್ಟ ಪರದೆಯಲ್ಲಿ ಚುಕ್ಕೆಗಳು ಒಂದೊಂದಾಗಿ ಬಂದು ಕೂತವು.

ಸೌಜನ್ಯ ಗಂಡನಿಗೆ ಫೋನು ಹಚ್ಚಿದಳು. "ಬಂತು. ಮಾವನ ಬಂಡೆಗಳು ಎಲ್ಲ ಬಂದವು." ಫೋನಿಟ್ಟ ಮೇಲೆ ನಿಯಾಝ್‌ನತ್ತ ನೋಡದೆ ಸಾಮಾನು ಎತ್ತಿಕೊಂಡು ಹೋದಳು. ಅವನಿಗೆ ಅದು ಸರಿಯೆಂದೇ ಅನಿಸಿತು.

ಸಂಜೆ ಕಾವೂರಿನಿಂದ ನುಸೈಬಾ ಎಂಬಾಕೆ ಬಂದು, ಕಂಪ್ಯೂಟರ್ ನಿಧಾನ, ಹಳೇ ಕಸ ಪೂರಾ ತೆಗೆಯಿರಿ ಎಂದರು. ನಿಯಾಝ್ ಮೊದಲ ಬೂದು ಹೆಸರಿನ ಮೇಲೆ ಬೆರಳಿಟ್ಟ.

"ಇದು ಸತ್ತದ್ದಾ, ರಜೆಯಲ್ಲಿ ಉಂಟಾ?"

ಮೂಲೆಯಲ್ಲಿ ಇಸ್ಪೀಟು ನಿಂತಿತು. "ನನ್ನ ಮೇಜು ಎತ್ತಿಸುವ ಮೊದಲು ಹೀಗೇ ಒಂದು ಮಾತು ಕೇಳು ಮಾರಾಯ," ಎಂದರು ಮೊಯ್ದೀನಬ್ಬ.

ಅವರಿಗೆ ಗೊತ್ತಿತ್ತು! ಝೆರಾಕ್ಸ್ ಮೆಷಿನಿನ ಆರ್ಡರನ್ನು ನಿಯಾಝ್ ಸೌಜನ್ಯ ಹೋದ ಕೂಡಲೇ ರದ್ದು ಮಾಡಿದ್ದ.