ದೂರಿನ ಕಿಟಕಿಯ ಅಮ್ಮ

"ಗುಡಿಯಲ್ಲಿ ಕೂತಿರೋ ದೇವರನ್ನ ಯಾರಾದರೂ ಎಬ್ಬಿಸ್ತಾರೇನಮ್ಮಾ?" ಎಂದು ನಗುತ್ತ ಸಾಹೇಬರು ಆಕೆಯ ಅರ್ಜಿಯನ್ನು ಮೇಜಿನ ಅಂಚಿಗೆ ಸರಿಸಿದರು. ಅದು ಮೂರನೆಯ ಅರ್ಜಿ. ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕರ ಹುದ್ದೆ ಖಾಲಿ ಬಿದ್ದು ವರ್ಷವಾಗಿತ್ತು. ಯಾವ ಬೀದಿಯ ಪೈಪು ಎಲ್ಲಿ ತಿರುಗುತ್ತದೆ, ಯಾವ ವಾಲ್ವು ಮೊಂಡು ಹಿಡಿಯುತ್ತದೆ ಎಂಬುದು ಆಕೆಗೆ ಗೊತ್ತಿದ್ದಷ್ಟು ಆ ಕಟ್ಟಡದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಆದರೇನು, ಮುಖ ಕೈಕೊಟ್ಟಿತ್ತು.

ದುಂಡು ಕೆನ್ನೆ, ಅರೆ ಬಾಗಿದ ರೆಪ್ಪೆ, ಸುಮ್ಮನಿದ್ದರೂ ನಗುವ ಹಾಗೆ ಕಾಣುವ ತುಟಿ. ಆಕೆಯ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವಿಗೂ ಅದೇ ಮುಖ. ಯಾರೋ ಒಮ್ಮೆ ಹಾಗೆಂದರು, ಅಷ್ಟೇ; ಹನ್ನೊಂದು ವರ್ಷದಿಂದ ಆಕೆ ದೂರಿನ ಕಿಟಕಿ ಬಿಟ್ಟು ಏಳುವಂತಿರಲಿಲ್ಲ. ಖಾಲಿ ಬಕೆಟ್ ಹಿಡಿದು ಹಾರಾಡುತ್ತ ಬಂದವರು ಕಿಟಕಿಯೊಳಗೆ ಬಗ್ಗಿ ನೋಡಿ ತಣ್ಣಗಾಗುತ್ತಿದ್ದರು. "ಹೋಗಲಿ ಬಿಡು ತಾಯಿ, ನಿನ್ನ ಮುಖ ನೋಡಿದ್ರೆ ಬೈಯೋಕೆ ಬಾಯೇ ಬರಲ್ಲ" ಎಂದು ನೀರಿಲ್ಲದೆಯೇ ಹಿಂದಿರುಗುತ್ತಿದ್ದರು. ಆಕೆಗೆ ಹೊಟ್ಟೆ ಉರಿಯುತ್ತಿತ್ತು. ಮನೆಯಲ್ಲಿ ಗಂಡನೂ ಅಷ್ಟೇ. ಸಿಟ್ಟಿನಿಂದ ಪಾತ್ರೆ ಕುಕ್ಕಿದರೆ, "ನಿನಗೆ ಕೋಪ ಒಪ್ಪಲ್ಲ ಕಣೇ" ಎಂದು ಪೇಪರಿನಿಂದ ತಲೆಯೆತ್ತದೆ ಹೇಳುತ್ತಿದ್ದ.

ಆ ವಾರ ದವಡೆ ಹಲ್ಲಿನ ನೋವು ಶುರುವಾಯಿತು. ಗುರುವಾರ ಬೆಳಿಗ್ಗೆ ಎಡಗೆನ್ನೆ ಬನ್ನಿನಂತೆ ಊದಿ, ಒಂದು ಕಣ್ಣು ಕಿರಿದಾಗಿ, ಬಾಯಿ ಸೊಟ್ಟಗಾಗಿತ್ತು. ಕಿಟಕಿಯಲ್ಲಿ ಇಣುಕಿದ ಮುದುಕ ಹೌಹಾರಿದ.

"ಆ ಅಮ್ಮ ಇಲ್ವಾ ಇವತ್ತು?"

"ನಾನೇ ಅದು. ಹೇಳಿ, ಏನಾಗಬೇಕು?"

"ನಮ್ಮ ಮೂರನೇ ಬೀದಿಗೆ ಒಂಬತ್ತು ದಿನ ಆಯ್ತು ನೀರು ಬಂದು! ಸಂಬಳ ಎಣಿಸ್ಕೊಂಡು ಕೂತಿದೀರಲ್ಲ, ಮಾನ ಮರ್ಯಾದೆ ಇದೆಯಾ ನಿಮಗೆ?"

ಹನ್ನೊಂದು ವರ್ಷದಲ್ಲಿ ಯಾರೂ ಆಕೆಯನ್ನು ಹೀಗೆ ಬೈದಿರಲಿಲ್ಲ. ಅಳು ಬರಬೇಕಿತ್ತು, ಬಂದದ್ದು ಒಂಥರಾ ಖುಷಿ. ಹಲ್ಲು ಒಂದೇ ಸಮನೆ ಸಿಡಿಯುತ್ತಿತ್ತು. ಆಕೆ ಫೋನೆತ್ತಿ ಆ ಕಡೆಯ ವಾಲ್ವಿನವನನ್ನು ಸೊಟ್ಟ ಬಾಯಲ್ಲೇ ಝಾಡಿಸಿದಳು.

"ಮೂರನೇ ಬೀದಿ ತಿರುವಿನ ವಾಲ್ವು ಅರ್ಧಕ್ಕೆ ನಿಂತಿದೆ, ಕತೆ ಹೇಳಬೇಡ ನನಗೆ. ಅರ್ಧ ಗಂಟೇಲಿ ತಿರುಗಿಸದಿದ್ರೆ ನಾನೇ ಬರ್ತೀನಿ, ಆಮೇಲೆ ಇದೆ ನಿನಗೆ!"

ಅವತ್ತು ಸಾಲಿನಲ್ಲಿದ್ದವರೆಲ್ಲ ಬೈದರು. ಆಕೆಯೂ ಬಿಡಲಿಲ್ಲ. ಮಧ್ಯಾಹ್ನದೊಳಗೆ ನಾಲ್ಕು ಬೀದಿಗಳಿಗೆ ನೀರು ಬಂದಿತ್ತು. ಗಲಾಟೆ ಕೇಳಿ ಬಂದ ಸಾಹೇಬರು ಹಿಂದೆ ನಿಂತು ಬಹಳ ಹೊತ್ತು ಕೇಳಿಸಿಕೊಂಡರು. ಆಕೆ ತಿರುಗಿದಾಗ ಆ ಮುಖ ನೋಡಲಾರದೆ ದೂರಿನ ಪುಸ್ತಕದ ಮೇಲೆ ಕಣ್ಣಿಟ್ಟರು.

"ಕೆಲಸ ಇಷ್ಟು ಚೆನ್ನಾಗಿ ಗೊತ್ತು ಅಂತ ಮೊದಲೇ ಹೇಳೋದಲ್ವೇನ್ರೀ?"

"ಮೂರು ಸಲ ಬರೆದುಕೊಟ್ಟಿದ್ದೆ ಸಾರ್."

"ಹೌದಾ?" ಎಂದು ಕತ್ತು ಕೆರೆದುಕೊಂಡರು. "ಸೋಮವಾರ ಆ ಹುದ್ದೆಗೆ ಸಂದರ್ಶನ ಇದೆ. ನೀವೂ ಬನ್ನಿ."

ಯಾವಾಗಲೂ ಸಾಹೇಬರ ಬಾಯಲ್ಲಿರುತ್ತಿದ್ದ 'ಅಮ್ಮ' ಇವತ್ತು ಬರಲಿಲ್ಲ ಎಂಬುದನ್ನು ಆಕೆ ಗಮನಿಸಿದಳು.

ಶುಕ್ರವಾರ ಹಲ್ಲು ಕಿತ್ತಾಯಿತು. "ಮೂರು ದಿನದಲ್ಲಿ ಮುಖ ಮೊದಲಿನ ಹಾಗೇ ಆಗುತ್ತೆ, ಹೆದರಬೇಡಿ" ಎಂದು ಡಾಕ್ಟರು ಧೈರ್ಯ ಹೇಳಿ, ರಕ್ತ ಬಂದರೆ ಇಟ್ಟುಕೊಳ್ಳಲು ಹತ್ತಿಯ ಸುರುಳಿಗಳ ಪೊಟ್ಟಣ ಕೊಟ್ಟರು. ರಕ್ತ ಅವತ್ತು ಸಂಜೆಯೇ ನಿಂತಿತು.

ಸೋಮವಾರ ಬೆಳಿಗ್ಗೆ ಡಾಕ್ಟರ ಮಾತು ನಿಜವಾಗಿತ್ತು. ಕನ್ನಡಿಯಲ್ಲಿ ಅದೇ ದುಂಡು ಕೆನ್ನೆ, ಅದೇ ತುಟಿ. ಹಿಂದಿನಿಂದ ಹಾದುಹೋದ ಗಂಡ ನಿಂತು ನೋಡಿದ.

"ಅಬ್ಬ, ನನ್ನ ದೇವತೆ ವಾಪಸ್ ಬಂದಳಪ್ಪ!"

ಆಕೆ ಬಾಗಿಲು ಹಾಕಿಕೊಂಡು ಪೊಟ್ಟಣ ಬಿಚ್ಚಿದಳು. ಹತ್ತಿಯ ಎರಡು ಸುರುಳಿ ತೆಗೆದು ಎಡಗೆನ್ನೆಯೊಳಗೆ ತುರುಕಿ, ನಾಲಿಗೆಯಿಂದ ಒತ್ತಿ, ಕನ್ನಡಿ ನೋಡಿಕೊಂಡಳು. ಸಾಲದೆನಿಸಿತು. ಇನ್ನೊಂದು ತೆಗೆದುಕೊಂಡಳು.